ಲೆಕ್ಕದಲ್ಲಿ ಹೆಸರಿಲ್ಲದವರು

(ಕುಂದಾಪುರದಲ್ಲಿ ಅಧ್ಯಾಪಕರೂ ಪುರಜನರೂ ಸೇರಿದ ಸಭೆಯಲ್ಲಿ ಮಾಡಿದ ಭಾಷಣ)



ಸಮಾಜದಲ್ಲಿ ಬಲ್ಲಿದರು ಬಡವರೆಂಬ ಭೇದವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿರುವಿರಿ. ವಿಷಯವು ದೊಡ್ಡದು. ಇದನ್ನು ಕುರಿತು ದೇಶದೇಶಗಳ ಪಂಡಿತರು ಗ್ರಂಥಗಳ ರಾಶಿಯನ್ನೇ ಬರೆದಿಟ್ಟಿರುವರು. ಆ ರಾಶಿಯನ್ನು ತಮ್ಮ ಮುಂದೆ ಕೆದಕುವ ಉದ್ದೇಶ ನನಗಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಗದ್ದೆಯ ಅಂಚಿನ ಮೇಲೆ ನಿಂತು ನೋಡಿದರೆ ಎಷ್ಟು ಕಾಣುವುದೋ ಅಷ್ಟನ್ನೇ ಹೇಳುವೆನು.

ಒಬ್ಬನು ಮೇಲೆ, ಇನ್ನೊಬ್ಬನು ಕೆಳಗೆ; ಇದಕ್ಕೆ ಕಾರಣವೇನು? ಹಣವೆಂದು ಕೆಲವರು ಹೇಳುವರು. ಹುಟ್ಟೆಂದು ಕೆಲವರು ಹೇಳುವರು. ಎರಡೂ ಸುಳ್ಳಲ್ಲ. ಆದರೆ ಹಣವು ಒಂದು ತಲೆಮಾರಿನಲ್ಲಿ ಬಂದು ಇನ್ನೊಂದರಲ್ಲಿ ಹೋಗುವುದನ್ನು ನಾವು ಕಂಡಿದ್ದೇವೆ. ದೊಡ್ಡ ಮನೆತನಗಳು ಚಾವಡಿಯ ಕಂಬಗಳನ್ನಷ್ಟೇ ಉಳಿಸಿಕೊಂಡುದನ್ನೂ ಕಂಡಿದ್ದೇವೆ. ಈ ಎರಡಕ್ಕೂ ಬಲವನ್ನು ತಂದುಕೊಡುವ ಮೂರನೆಯ ವಸ್ತುವೊಂದುಂಟು. ಅದು ಸರಕಾರದ ಲೆಕ್ಕದಲ್ಲಿ ಬರೆದ ಹೆಸರು. ಯಾರ ಹೆಸರು ಲೆಕ್ಕದಲ್ಲಿದೆಯೋ ಅವನ ಮಾತನ್ನು ಕಚೇರಿಯು ಕೇಳುವುದು. ಯಾರ ಹೆಸರಿಲ್ಲವೋ ಅವನು ನೂರು ವರ್ಷ ಮಣ್ಣಿನಲ್ಲಿ ದುಡಿದರೂ ಕಚೇರಿಯ ಪಾಲಿಗೆ ಹುಟ್ಟಿಯೇ ಇಲ್ಲ. ನಮ್ಮ ಕರಾವಳಿಯ ಇನ್ನೂರು ವರ್ಷಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ.

ವರ್ಗವೂ ಗೇಣಿಯೂ

ಕೆಳದಿಯ ಅರಸರ ಕಾಲದಲ್ಲಿ ನಮ್ಮ ಭೂಮಿಗೆ "ಶಿಸ್ತು" ಎಂಬ ಕಂದಾಯವು ಗೊತ್ತಾಯಿತು. ಅದರ ಮೇಲೆ "ಶಾಮಿಲು" ಎಂಬ ಹೆಚ್ಚಿನ ತೆರಿಗೆಯೂ ಬಂದು ಕುಳಿತಿತು. 1799ರಲ್ಲಿ ಈ ಸೀಮೆಯು ಕುಂಪಣಿ ಸರಕಾರದ ಕೈಸೇರಿದಾಗ ಮೊದಲ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಇಲ್ಲಿ ಭೂಮಿಯ ಮೇಲೆ ಖಾಸಗಿ ಒಡೆತನವು ಬಹುಕಾಲದಿಂದ ಬೇರೂರಿರುವುದನ್ನು ಅವನು ಕಂಡುಕೊಂಡನು. ಒಂದೊಂದು ಹಿಡುವಳಿಗೂ "ವರ್ಗ"ವೆಂದು ಹೆಸರು. ಅದಕ್ಕೆ ತೀರುವೆ ಕಟ್ಟುವವನು ವರ್ಗದಾರ. ಸರಕಾರಕ್ಕೆ ಬೇಕಾದುದು ತೀರುವೆ. ಆದುದರಿಂದ ಸರಕಾರಕ್ಕೆ ಗೊತ್ತಿದ್ದುದು ವರ್ಗದಾರನ ಹೆಸರೊಂದೇ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಸರ್ವೆಯಾಗಿ ಹೊಸ ಪಟ್ಟೆಗಳು ಬಂದವು. ಆಗಲೂ ಪಟ್ಟೆಯಲ್ಲಿ ಬಂದುದು ತೀರುವೆಯವನ ಹೆಸರೇ ಹೊರತು ನೇಗಿಲು ಹಿಡಿದವನದಲ್ಲ.

ವರ್ಗದಾರನ ಕೆಳಗೆ ಒಕ್ಕಲುಗಳು. ಇವರಲ್ಲಿಯೂ ಮೂರು ತರಗತಿಗಳಿದ್ದವು. ಮೂಲಗೇಣಿಯವನಿಗೆ ಪತ್ರವಿತ್ತು, ಗೇಣಿಯು ಶಾಶ್ವತವಾಗಿ ಗೊತ್ತಾಗಿತ್ತು; ಅವನನ್ನು ಸುಲಭದಲ್ಲಿ ಎಬ್ಬಿಸುವಂತಿರಲಿಲ್ಲ. ವಾಯಿದೆ ಗೇಣಿಯವನಿಗೆ ಇಷ್ಟು ವರ್ಷವೆಂಬ ಕರಾರಿತ್ತು. ಇವರಿಬ್ಬರ ಕೆಳಗೆ, ಸಂಖ್ಯೆಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ, ಚಾಲಗೇಣಿಯವನಿದ್ದನು. ವರ್ಷಕ್ಕೊಮ್ಮೆ ಒಡೆಯರ ಮಾತಿನ ಮೇಲೆ ನಿಂತ ಗೇಣಿ ಇದು. ಹೆಸರು ಮಾತ್ರ ಚಾಲಗೇಣಿ. ತಂದೆ ಉತ್ತ ಗದ್ದೆಯನ್ನೇ ಮಗನೂ ಮೊಮ್ಮಗನೂ ಉತ್ತಿದ್ದುಂಟು. ಬೆಟ್ಟುಗದ್ದೆಯನ್ನು ಅಗೆದು ಮಜಲು ಮಾಡಿದವರು, ಮಜಲಿಗೆ ನೀರು ತಿರುಗಿಸಿ ಬೈಲಿನಂತೆ ಎರಡನೆಯ ಬೆಳೆ ತೆಗೆದವರು, ಅಂಚಿನುದ್ದಕ್ಕೂ ತೆಂಗು ನೆಟ್ಟವರು ಇವರೇ. ಕಾರ್ತಿ ಬೆಳೆಯಾಗಲಿ ಸುಗ್ಗಿಯಾಗಲಿ, ಅಂಗಳಕ್ಕೆ ಬಂದ ಭತ್ತದಲ್ಲಿ ಒಡೆಯರ ಮುಡಿಗಳನ್ನು ಮೊದಲು ಕಟ್ಟಿ ಬೇರೆ ಇಡಬೇಕು, ಉಳಿದುದು ಒಕ್ಕಲಿನದು. ಹಬ್ಬಕ್ಕೆ ಹಸಿರುವಾಣಿ, ಮದುವೆಗೆ ಬಿಟ್ಟಿ ಚಾಕರಿ ಇವು ಬೇರೆ. ಇದೆಲ್ಲವನ್ನೂ ಸಲ್ಲಿಸಿದುದಕ್ಕೆ ರಶೀದಿಯನ್ನು ಕೇಳುವ ಧೈರ್ಯ ಎಷ್ಟು ಜನರಿಗಿತ್ತು? ಒಡೆಯರನ್ನು ನಂಬುವುದಿಲ್ಲವೇ ಎಂಬ ಒಂದು ಪ್ರಶ್ನೆಯೇ ಅವರ ಬಾಯಿ ಕಟ್ಟಲು ಸಾಕಾಗುತ್ತಿತ್ತು.

ವ್ಯಾಜ್ಯವು ನ್ಯಾಯಾಲಯಕ್ಕೆ ಹೋದರೆ ಏನಾಗುತ್ತಿತ್ತೆಂಬುದನ್ನು ನಮ್ಮ ವೃತ್ತಿಯವರಿಗೆ ವಿವರಿಸಬೇಕಾದುದಿಲ್ಲ. ಒಡೆಯರ ಕೈಯಲ್ಲಿ ಪಟ್ಟೆ, ತೀರುವೆ ರಶೀದಿ, ಹೆಬ್ಬೆಟ್ಟು ಒತ್ತಿಸಿದ ಗೇಣಿಚೀಟು. ಒಕ್ಕಲಿನ ಕೈಯಲ್ಲಿ ಬರಿಯ ಬೊಕ್ಕೆಗಳು. ನ್ಯಾಯಾಧೀಶನು ಎಷ್ಟು ಧರ್ಮಿಷ್ಠನಾಗಿದ್ದರೇನು? ಬೊಕ್ಕೆಯನ್ನು ದಸ್ತಾವೇಜಾಗಿ ಗುರುತು ಹಾಕಿಕೊಳ್ಳುವ ಕ್ರಮ ಯಾವ ಸಾಕ್ಷ್ಯದ ಕಾಯಿದೆಯಲ್ಲಿಯೂ ಇಲ್ಲ.

ಈ ಒಕ್ಕಲಿಗಿಂತಲೂ ಕೆಳಗೆ ಇನ್ನೊಂದು ಪದರವಿತ್ತು. ವರ್ಗದೊಡನೆಯೇ ಕೈಬದಲಾಗುತ್ತಿದ್ದ ಮೂಲದ ಆಳುಗಳು, ಸಾಲದಿಂದ ಕಟ್ಟುಬಿದ್ದ ಸಾಲದ ಆಳುಗಳು. 1843ರ 5ನೆಯ ಕಾಯಿದೆಯಿಂದ ಗುಲಾಮಗಿರಿಗೆ ನ್ಯಾಯಾಲಯದ ಮನ್ನಣೆ ತಪ್ಪಿತು. ಆದರೆ ಕಾಯಿದೆಯು ಮದರಾಸಿನಿಂದ ಗದ್ದೆಯಂಚಿಗೆ ಬರುವಷ್ಟರಲ್ಲಿ ಬಹಳ ಸೊರಗುವುದು. ತೊಂಬತ್ತು ವರ್ಷಗಳ ಮೇಲೆ, 1933ರಲ್ಲಿ, ಕೋಟದವರೇ ಆದ ಶಿವರಾಮ ಕಾರಂತರು "ಚೋಮನ ದುಡಿ"ಯನ್ನು ಬರೆದರು. ಅದರ ನಾಯಕನ ಬಯಕೆ ಅರಮನೆಯದಲ್ಲ, ಅಧಿಕಾರದ್ದಲ್ಲ. ತುಂಡು ನೆಲವನ್ನು ತಾನೇ ಸಾಗುವಳಿ ಮಾಡಬೇಕೆಂಬುದು. ಆತನ ಹುಟ್ಟಿನವರಿಗೆ ಬೇಸಾಯಗಾರನಾಗುವ ಅಧಿಕಾರವೇ ಇಲ್ಲವೆಂಬ ಕಟ್ಟುಪಾಡು ಅಷ್ಟನ್ನೂ ಕೊಡಲಿಲ್ಲ. ಗೇಣಿಯ ಲೆಕ್ಕದಲ್ಲಿ ಒಕ್ಕಲಿಗೆ ಹೆಸರಿರಲಿಲ್ಲ. ಆಳಿಗೆ ಗೇಣಿಯೇ ಇರಲಿಲ್ಲ.

ಗಡಿಯ ಕಲ್ಲು

ಏಕೀಕರಣವೆಂದರೆ ಭಾಷೆಯ ಅಭಿಮಾನ, ಪಂಡಿತರ ವ್ಯವಹಾರ ಎಂದು ತಿಳಿದವರು ಇಂದಿಗೂ ಉಂಟು. ಅಂಥವರು ಒಮ್ಮೆ ಶಿರೂರಿಗೆ ಹೋಗಿ ಬರಬೇಕು. ಅವಿಭಕ್ತ ಕನ್ನಡ ಜಿಲ್ಲೆಯನ್ನು ಒಡೆದು 1862ರಲ್ಲಿ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ ಕುಂದಾಪುರ ತಾಲೂಕು ಮದರಾಸಿನಲ್ಲಿಯೇ ಉಳಿಯಿತು. ಅಂದಿನಿಂದ 1956ರವರೆಗೆ ಶಿರೂರು ಮದರಾಸು, ಭಟ್ಕಳ ಮುಂಬಯಿ. ನಡುವೆ ಸಮುದ್ರವಿಲ್ಲ, ಘಟ್ಟವಿಲ್ಲ. ಒಂದೇ ಮಾತು, ಒಂದೇ ಮಳೆ. ಪೂರ್ವಕ್ಕೆ ಕೊಲ್ಲೂರಿನ ಘಟ್ಟವನ್ನು ಹತ್ತಿದರೆ ಮೈಸೂರು ಸಂಸ್ಥಾನ. ಹೀಗೆ ನಮ್ಮ ಒಕ್ಕಲನು ಒಂದು ಹಗಲಿನ ದಾರಿಯೊಳಗೆ ಮೂರು ಸರಕಾರಗಳನ್ನು ಕಾಣಬಹುದಾಗಿತ್ತು. ಯಾವ ಸರಕಾರವೂ ಅವನನ್ನು ಕಾಣಲಿಲ್ಲ.

1948ರ ಮುಂಬಯಿ ಗೇಣಿ ಕಾಯಿದೆಯು ಭಟ್ಕಳದ ಗೇಣಿದಾರನಿಗೆ ರಕ್ಷಣೆಯನ್ನು ಕೊಟ್ಟಿತು, ಗೇಣಿಗೆ ಮಿತಿಯನ್ನು ಹಾಕಿತು. ಮದರಾಸು ಪ್ರಾಂತದೊಳಗೆಯೇ ಇದ್ದ ಮಲಬಾರಿನವರಿಗೆ 1930ರಲ್ಲಿ ಪ್ರತ್ಯೇಕ ಗೇಣಿ ಕಾಯಿದೆ ಬಂದಿತ್ತು. ಶಿರೂರಿನ, ಬೈಂದೂರಿನ, ಬಾರಕೂರಿನ ಚಾಲಗೇಣಿಯವನಿಗೆ ಎಬ್ಬಿಸುವಿಕೆಯಿಂದ ಮೊದಲ ರಕ್ಷಣೆ ದೊರೆತುದು 1955ರ ಮದರಾಸು ಕಾಯಿದೆಯಿಂದ. ಅಂದರೆ ನಾವು ಮದರಾಸನ್ನು ಬಿಡುವುದಕ್ಕೆ ಒಂದು ವರ್ಷ ಮುಂಚೆ. ದೊಡ್ಡ ಪ್ರಾಂತವೊಂದರ ಮೂಲೆಯಲ್ಲಿ ಬಿದ್ದ ಸಣ್ಣ ಜಿಲ್ಲೆಯ ಬಡವನ ಗತಿ ಇದು. ಅವನ ಕೂಗು ದೂರದ ರಾಜಧಾನಿಗೆ ಮುಟ್ಟುವುದು ಕಷ್ಟ; ಮುಟ್ಟಿದರೂ ಅದು ಅಲ್ಲಿಯ ಭಾಷೆಯಲ್ಲ. ನಾಡು ಒಂದಾಗಬೇಕೆಂಬ ಹೋರಾಟವು ಅವನ ಒಲೆಯ ಮೇಲಿನ ಗಂಜಿಗೂ ಸಂಬಂಧಪಟ್ಟಿತ್ತು.

ಆದರೆ ನಾಡು ಒಂದಾದ ಮಾತ್ರಕ್ಕೆ ನ್ಯಾಯವು ತಾನಾಗಿ ಒದಗಿತೆಂದು ಹೇಳಿದರೆ ಸತ್ಯಕ್ಕೆ ದ್ರೋಹವಾದೀತು. ಮೈಸೂರು ಸಂಸ್ಥಾನದಲ್ಲಿ ಆಳುವವರೂ ಕನ್ನಡಿಗರೇ, ಒಡೆಯರೂ ಕನ್ನಡಿಗರೇ. ಆದರೂ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿಯ ಭತ್ತವನ್ನು ಅಳೆಯುವ ಕೊಳಗದ ತಕರಾರಿನಿಂದ 1951ರಲ್ಲಿ ಒಕ್ಕಲುಗಳು ಸತ್ಯಾಗ್ರಹ ಹೂಡಬೇಕಾಯಿತು. ಕೊಳಗವು ಕನ್ನಡದ್ದೇ ಆಗಿರಬಹುದು. ಅದು ದೊಡ್ಡದಾದರೆ ಬಡವನ ಮನೆಯಲ್ಲಿ ಅಕ್ಕಿ ಕಡಮೆಯೇ. ಇತ್ತ ಕಾಸರಗೋಡು ನಮ್ಮಿಂದ ಅಗಲಿ ಕೇರಳಕ್ಕೆ ಸೇರಿತು. ಅಲ್ಲಿಯ ಕನ್ನಡ ಒಕ್ಕಲುಗಳಿಗೆ 1970ರ ಜನವರಿ 1ರಿಂದ ಜಾರಿಗೆ ಬಂದ ಕೇರಳದ ಕಾಯಿದೆಯು ಭೂಮಿಯ ಒಡೆತನದ ಬಾಗಿಲು ತೆರೆಯಿತು. ಕನ್ನಡನಾಡಿನೊಳಗಿದ್ದ ನಮ್ಮ ಒಕ್ಕಲುಗಳು ಇನ್ನೂ ನಾಲ್ಕು ವರ್ಷ ಕಾಯಬೇಕಾಯಿತು. ಈ ಮಾತು ನಮ್ಮ ಅಭಿಮಾನಕ್ಕೆ ಸ್ವಲ್ಪ ಚುಚ್ಚುವುದು. ಚುಚ್ಚಲಿ. ಮನೆಯು ಒಂದಾದ ಮೇಲೆ ಒಳಗಿನ ಕೋಣೆಗಳ ಬಾಗಿಲನ್ನು ತೆರೆಯುವ ಕೆಲಸ ಮನೆಯವರದು.

ಏಳನೆಯ ನಮೂನೆ

1961ರಲ್ಲಿ ರಚಿತವಾದ ನಮ್ಮ ಭೂಸುಧಾರಣಾ ಕಾಯಿದೆಯು ಜಾರಿಗೆ ಬಂದುದು 1965ರ ಅಕ್ಟೋಬರ್ 2ರಂದು. ಅದರಲ್ಲಿ ಒಡೆಯರು ತಪ್ಪಿಸಿಕೊಳ್ಳುವ ಕಂಡಿಗಳು ಅನೇಕವಿದ್ದವು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ತಂದ ತಿದ್ದುಪಡಿಯು ಆ ಕಂಡಿಗಳನ್ನು ಮುಚ್ಚಿತು. 1974ರ ಮಾರ್ಚ್ 1ರಂದು ಗೇಣಿಯ ಭೂಮಿಯೆಲ್ಲವೂ ಸರಕಾರದಲ್ಲಿ ವಿಹಿತವಾಯಿತು. ಉಳುವವನು ಏಳನೆಯ ನಮೂನೆಯ ಅರ್ಜಿಯನ್ನು ಕೊಟ್ಟು ತನ್ನ ಸಾಗುವಳಿಯನ್ನು ತೋರಿಸಿದರೆ ಭೂಮಿಯು ಅವನಿಗೆ. ಇದನ್ನು ತೀರ್ಮಾನಿಸಲು ಭೂನ್ಯಾಯ ಮಂಡಳಿಗಳು ಏರ್ಪಟ್ಟವು. ಅವುಗಳಲ್ಲಿ ಕಂದಾಯದ ಅಧಿಕಾರಿಯೊಡನೆ ಸರಕಾರವು ನೇಮಿಸಿದ ಸಾರ್ವಜನಿಕರೂ ಕುಳಿತರು. ಪರಿಶಿಷ್ಟ ಜಾತಿ ಪಂಗಡಗಳವರಲ್ಲಿ ಒಬ್ಬರಾದರೂ ಅಲ್ಲಿರಬೇಕೆಂಬ ನಿಯಮವಿತ್ತು. ವಕೀಲರಿಗೆ ಮಾತ್ರ ಆ ಮಂಡಳಿಯ ಮುಂದೆ ಪ್ರವೇಶವಿಲ್ಲವೆಂದು ಕಾಯಿದೆಯಲ್ಲಿಯೇ ಬರೆದಿತ್ತು! ನಮ್ಮ ವೃತ್ತಿಯ ಮೇಲೆ ಬಡವರ ಸರಕಾರಕ್ಕೆ ಎಂಥ ಅಭಿಪ್ರಾಯವಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಶಸ್ತಿಪತ್ರ ಬೇಡ.

ಈ ಕಾಯಿದೆಯು ಇಡೀ ರಾಜ್ಯಕ್ಕೆ ಒಂದೇ ಆಗಿದ್ದರೂ ಹೆಚ್ಚಿನ ಫಲವನ್ನು ಕೊಟ್ಟುದು ನಮ್ಮ ಕರಾವಳಿಯಲ್ಲಿ. ಏಕೆ? ಗೇಣಿಯ ಒಕ್ಕಲುಗಳು ಇಲ್ಲಿ ಹೆಚ್ಚು, ಅದು ಮೊದಲನೆಯ ಕಾರಣ. ಬಿ. ವಿ. ಕಕ್ಕಿಲ್ಲಾಯರಂಥವರು ದಶಕಗಳ ಕಾಲ ರೈತ ಸಂಘಟನೆಯನ್ನು ಕಟ್ಟಿದ್ದರು, ಅದು ಎರಡನೆಯದು. ಮೂರನೆಯ ಕಾರಣವೇ ನನ್ನ ಇಂದಿನ ಮಾತಿಗೆ ಮುಖ್ಯವಾದುದು. ಇಲ್ಲಿ ಶಾಲೆಗಳು ಮೊದಲೇ ಬಂದಿದ್ದವು. ಒಕ್ಕಲಿನ ಮಕ್ಕಳಲ್ಲಿಯೂ ಅಕ್ಷರ ಬಲ್ಲವರಿದ್ದರು. ನಮೂನೆಯಲ್ಲಿ ಸರ್ವೆ ನಂಬರನ್ನು ಬರೆಯಬೇಕು. ಯಾರೋ ಒಬ್ಬನು ಬರೆದುಕೊಡಬೇಕು. ಸಾಗುವಳಿಯನ್ನು ತೋರಿಸಬೇಕು, ನೆರೆಮನೆಯವನು ಬಂದು ನುಡಿಯಬೇಕು. ಒಡೆಯರ ಮುಂದೆ ತಲೆ ಎತ್ತದಿದ್ದವನು ಒಡೆಯರ ಎದುರಿಗೇ ಕುಳಿತು "ಈ ಗದ್ದೆಯನ್ನು ಉತ್ತವನು ನಾನು" ಎಂದು ಹೇಳಬೇಕು. ಆ ಒಂದು ವಾಕ್ಯವನ್ನು ಹೇಳಿಸುವುದಕ್ಕೆ ನಮ್ಮ ನಾಡಿಗೆ ಮನ್ರೋವಿನ ಕಾಲದಿಂದ ನೂರ ಎಪ್ಪತ್ತೈದು ವರ್ಷ ಹಿಡಿಯಿತು. ಅರ್ಜಿ ಸಲ್ಲಿಸುವ ಅವಧಿಯು ಮುಂದೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ಮುಗಿಯಿತು. ಅರ್ಜಿ ಕೊಟ್ಟವನು ವಿಚಾರಣೆಗೆ ನಿಲ್ಲಬಲ್ಲವನಾದನು. ಅಂಜಿ, ಅರಿಯದೆ, ಅಥವಾ ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂಬ ಸಂಕೋಚದಿಂದ ಕೊಡದಿದ್ದವನು ಹಾಗೆಯೇ ಉಳಿದನು. ಇಬ್ಬರ ನಡುವಿನ ಅಂತರವು ಒಂದು ಹಾಳೆ ಕಾಗದ.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಕಳೆದುಕೊಂಡವರೆಲ್ಲರೂ ದೊಡ್ಡ ಒಡೆಯರಲ್ಲ. ಕೆಲವೇ ಮುಡಿ ಗೇಣಿಯ ಅಕ್ಕಿಯಿಂದ ದಿನ ನೂಕುತ್ತಿದ್ದ ವಿಧವೆಯರು, ಸಣ್ಣ ದೇವಸ್ಥಾನದ ಅರ್ಚಕರು, ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ಇವರೂ ಅದೇ ತಕ್ಕಡಿಯಲ್ಲಿ ತೂಗಲ್ಪಟ್ಟರು. ಪರಿಹಾರದ ಹಣವೂ ಅಲ್ಪವೇ. ಅವರ ನೋವನ್ನು ಹಗುರವಾಗಿ ಕಾಣಬಾರದು. ಆದರೂ ಎರಡನ್ನೂ ತೂಗಿ ನೋಡಿದರೆ, ಬೈಲಿನುದ್ದಕ್ಕೂ ಇಂದು ಕಾಣುವ ಹಂಚಿನ ಮನೆಗಳು, ಆ ಮನೆಗಳಿಂದ ಹೊರಟು ಕಾಲೇಜಿಗೆ ಹೋದ ಹುಡುಗ ಹುಡುಗಿಯರು ಯಾವ ಕಡೆ ತೂಕ ಹೆಚ್ಚೆಂಬುದನ್ನು ಹೇಳುವರು.

ಇಳಿದು ಹೋದ ಮೆಟ್ಟಲು

ಹಾಗಾದರೆ ಅಸಮಾನತೆ ತೀರಿತೆ? ತೀರಲಿಲ್ಲ, ಒಂದು ಮೆಟ್ಟಲು ಕೆಳಗಿಳಿಯಿತು. ಕಾಯಿದೆಯು ಭೂಮಿಯನ್ನು ಕೊಟ್ಟುದು ಗೇಣಿದಾರನಿಗೆ. ಗೇಣಿದಾರನ ಗದ್ದೆಯಲ್ಲಿ ಕೂಲಿಗೆ ನಿಂತ ಆಳಿಗಲ್ಲ. ಆಳಿಗೆ ತಾನು ವಾಸಿಸುವ ಗುಡಿಸಲಿನ ನೆಲದ ಮೇಲೆ ಹಕ್ಕು ಬಂದಿತು, ಅದೂ ದೊಡ್ಡದೇ. ಆದರೆ ಚೋಮನ ತುಂಡು ನೆಲ ಅವನಿಗೆ ದೊರೆಯಲಿಲ್ಲ. ನಿನ್ನೆಯ ಒಕ್ಕಲು ಇಂದು ಒಡೆಯನಾದನು. ಅವನ ಅಂಗಳದ ಅಂಚಿನಲ್ಲಿ ನಿಲ್ಲುವವನು ಹಳೆಯವನೇ ಆಗಿ ಉಳಿದನು.

ಕೊರಗ ಬಂಧುಗಳನ್ನು ನೋಡಿರಿ. 1934ರ ಫೆಬ್ರವರಿಯಲ್ಲಿ ಗಾಂಧೀಜಿಯವರು ಹರಿಜನ ಪ್ರವಾಸದಲ್ಲಿ ಉಡುಪಿಯನ್ನು ದಾಟಿ ನಮ್ಮ ಕುಂದಾಪುರಕ್ಕೆ ಬಂದರು. ಊರಿನವರು ನಿಧಿಯನ್ನು ಅರ್ಪಿಸಿದರು. ಅನಂತರ ಅರುವತ್ತಾರು ವರ್ಷಗಳು ಕಳೆದ ಮೇಲೆ, 2000ದಲ್ಲಿ, ಕೊರಗರ ಮೇಲೆ ಹೇರಿದ "ಅಜಲು" ಎಂಬ ಹೀನ ಪದ್ಧತಿಯನ್ನು ನಿಷೇಧಿಸಲು ಪ್ರತ್ಯೇಕ ಕಾಯಿದೆಯೊಂದನ್ನೇ ಮಾಡಬೇಕಾಯಿತು. ಬೇಡವಾದ ವಸ್ತುಗಳನ್ನು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿದರೆ ತಮ್ಮ ಕಂಟಕವು ಕಳೆಯುವುದೆಂದು ನಂಬಿದವರು ನಮ್ಮ ಜಿಲ್ಲೆಯವರೇ ಅಲ್ಲವೆ? ಅವರ ಸ್ಥಿತಿಯನ್ನು ವಿಚಾರಿಸಿದ ಡಾಕ್ಟರ್ ಮಹಮ್ಮದ್ ಪೀರ್ ಅವರ ವರದಿಯು ಕುಟುಂಬವೊಂದಕ್ಕೆ ಎರಡೂವರೆ ಎಕರೆ ಭೂಮಿಯನ್ನು ಕೊಡಬೇಕೆಂದಿತು. ಆ ವರದಿ ಬಂದುದು 1994ರಲ್ಲಿ; ಆ ಎರಡೂವರೆ ಎಕರೆಗಾಗಿ ಕೊರಗ ಸಂಘಟನೆಗಳು ಅನಂತರವೂ ಮನವಿಗಳನ್ನು ಹಿಡಿದು ಜಿಲ್ಲಾ ಕಚೇರಿಯ ಮುಂದೆ ನಿಂತವು.

ಬೈಂದೂರಿನ ಕಾಡಂಚಿಗೆ ಹೋಗಿರಿ. 2006ರ ಅರಣ್ಯ ಹಕ್ಕು ಕಾಯಿದೆಯು ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳಿಂದ ಮೂರು ತಲೆಮಾರಿನ, ಅಂದರೆ ಎಪ್ಪತ್ತೈದು ವರ್ಷಗಳ ವಾಸಕ್ಕೆ ಆಧಾರವನ್ನು ಕೇಳುವುದು. ಲೆಕ್ಕದಲ್ಲಿ ಹೆಸರು ಬರೆಯದವರು ನಾವು. ಹೆಸರೆಲ್ಲಿ ಎಂದು ಕೇಳುವವರೂ ನಾವೇ!

ಇನ್ನು ನಮ್ಮ ಪೇಟೆಗಳಲ್ಲಿಯೇ ಹೊಸ ಚಾಲಗೇಣಿಯವರಿದ್ದಾರೆ. ಗಂಗೊಳ್ಳಿಯ ದೋಣಿಗಳಲ್ಲಿ ಬಲೆ ಎಳೆಯುವವರು, ಹೆದ್ದಾರಿಯ ಪಕ್ಕದಲ್ಲಿ ಮಹಡಿಗಳನ್ನು ಕಟ್ಟುವವರು, ತಗಡಿನ ಕೊಟ್ಟಿಗೆಗಳಲ್ಲಿ ಮಲಗುವವರು. ಬಯಲುಸೀಮೆಯವರು, ಒಡಿಸ್ಸಾದವರು, ಝಾರ್ಖಂಡದವರು. 1979ರಲ್ಲಿ ಸಂಸತ್ತು ಮಾಡಿದ ವಲಸೆ ಕಾರ್ಮಿಕರ ಕಾಯಿದೆಯು ಇವರಲ್ಲಿ ಹೊರರಾಜ್ಯದಿಂದ ಬಂದ ಪ್ರತಿಯೊಬ್ಬನಿಗೂ ಅವನ ಭಾಷೆಯಲ್ಲಿಯೂ ಬರೆದ ಪಾಸು ಪುಸ್ತಕವನ್ನು ಗುತ್ತಿಗೆದಾರನು ಕೊಡಬೇಕೆಂದು ವಿಧಿಸಿತ್ತು. ಅದನ್ನು ಕಣ್ಣಿನಿಂದ ಕಂಡವರು ಈ ಸಭೆಯಲ್ಲಿ ಎಷ್ಟು ಮಂದಿ? ನಮ್ಮ ಕುಂದಾಪುರದ ಹುಡುಗರು ಮುಂಬಯಿಯ ಹೋಟೆಲುಗಳಲ್ಲಿ ತಟ್ಟೆ ತೊಳೆದು ಅಡಿಗೆಮನೆಯ ನೆಲದ ಮೇಲೆ ಮಲಗಿದ ದಿನಗಳನ್ನು ನೆನೆಯುವವರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಪರವೂರಿನಲ್ಲಿ ಲೆಕ್ಕಕ್ಕಿಲ್ಲದವನಾಗಿರುವುದೆಂದರೇನೆಂಬುದು ನಮಗೆ ಪುಸ್ತಕದಿಂದ ತಿಳಿಯಬೇಕಾದ ವಿದ್ಯೆಯಲ್ಲ.

ಮತ್ತೊಂದು ಎಚ್ಚರಿಕೆ. ಬೇಸಾಯಗಾರನಲ್ಲದವನು ಸಾಗುವಳಿ ಭೂಮಿಯನ್ನು ಕೊಳ್ಳಬಾರದೆಂಬ ಕಲಮುಗಳು, 79-ಎ ಮತ್ತು 79-ಬಿ, 2020ರ ತಿದ್ದುಪಡಿಯಿಂದ ರದ್ದಾದವು. ಇಷ್ಟಬಂದವರಿಗೆ ಮಾರುವ ಸ್ವಾತಂತ್ರ್ಯ ರೈತನಿಗೆ ದೊರೆಯಿತೆಂದು ಕೆಲವರ ವಾದ, ಅದರಲ್ಲಿ ತಿರುಳಿಲ್ಲವೆನ್ನಲಾರೆ. ಆದರೆ ಸಮುದ್ರ ದಂಡೆಯ ಭೂಮಿಗೆ ಬೆಲೆ ಏರುತ್ತಿರುವಾಗ ಮಾರುವವನು ಬಡ ರೈತ, ಕೊಳ್ಳುವವನು ದೂರದ ಧನಿಕ. ಏಳನೆಯ ನಮೂನೆಯಿಂದ ಬಂದುದು ಒಂದು ಕ್ರಯಚೀಟಿಯಿಂದ ಹೋಗುವುದು ಕಷ್ಟವಲ್ಲ.

ಅಕ್ಷರವಂತನ ಋಣ

"ಕಾಗದದಿಂದ ಹೊಟ್ಟೆ ತುಂಬುವುದೆ?" ಎಂದು ಕೇಳುವವರುಂಟು. ತುಂಬುವುದಿಲ್ಲ. ಆದರೆ ಕಾಗದವಿಲ್ಲದವನ ಹೊಟ್ಟೆಯನ್ನು ಕಾಗದವುಳ್ಳವನು ಖಾಲಿ ಮಾಡಬಲ್ಲನು. ನಮ್ಮ ಚರಿತ್ರೆಯು ಇಷ್ಟನ್ನು ಸಿದ್ಧಪಡಿಸಿದೆ. ಅಧಿಕಾರವು ಕತ್ತಿಯನ್ನು ಕೆಳಗಿಟ್ಟು ಲೇಖನಿಯನ್ನು ಹಿಡಿದು ಬಹಳ ಕಾಲವಾಯಿತು. ಲೇಖನಿ ಹಿಡಿದವರಾರು? ಈ ಸಭೆಯಲ್ಲಿ ಕುಳಿತಿರುವ ನಾವು: ಅಧ್ಯಾಪಕರು, ಗುಮಾಸ್ತರು, ವಕೀಲರು. ನಾವು ಧನಿಕರಲ್ಲ, ಒಡೆಯರಲ್ಲವೆಂದು ನಮ್ಮಷ್ಟಕ್ಕೆ ನಾವು ಸಮಾಧಾನಪಟ್ಟುಕೊಳ್ಳುವೆವು. ಆದರೆ ಲೆಕ್ಕ ಬರೆಯುವವರೂ ಒಂದು ವರ್ಗವೇ. ನಮ್ಮ ಕೈಯಿಂದಲೇ ಒಬ್ಬನ ಹೆಸರು ಏರುವುದು, ಇನ್ನೊಬ್ಬನದು ಬಿಡುವುದು.

ಆದುದರಿಂದ ನಾನು ತಮ್ಮ ಮುಂದೆ ದೊಡ್ಡ ಕ್ರಾಂತಿಯ ಮಾತನ್ನಾಡದೆ ಮೂರು ಸಣ್ಣ ಕೆಲಸಗಳನ್ನು ಇಡುವೆನು.

ಮೊದಲನೆಯದು ಅಧ್ಯಾಪಕರಿಗೆ. ಪಹಣಿ ಪತ್ರಿಕೆಯನ್ನು ಓದುವುದನ್ನು ಮೇಲಿನ ತರಗತಿಯ ಮಕ್ಕಳಿಗೆ ಕಲಿಸಿರಿ. ಸರ್ವೆ ನಂಬರು ಯಾವುದು, ಒಡೆತನದ ಅಂಕಣ ಯಾವುದು, ಸಾಗುವಳಿಯ ಅಂಕಣ ಯಾವುದು. ಇದು ಎರಡು ಗಂಟೆಯ ಪಾಠ. ತನ್ನ ಮನೆಯ ಪಹಣಿಯನ್ನು ಓದಬಲ್ಲ ಹುಡುಗಿಯು ಇಡೀ ಮನೆಗೆ ಕಾವಲುಗಾರ್ತಿಯಾಗುವಳು.

ಎರಡನೆಯದು ಪುರಜನರಿಗೆ. ವಾರಕ್ಕೆ ಒಂದು ಸಂಜೆ ಶಾಲೆಯ ಜಗಲಿಯಲ್ಲಿ ಕುಳಿತು, ಬಂದವರಿಗೆ ಅರ್ಜಿಗಳನ್ನು ಬರೆದುಕೊಡಿರಿ. ಅರಣ್ಯ ಹಕ್ಕಿನ ನಿಯಮಗಳಲ್ಲಿ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಆಧಾರವೆಂದು ಒಪ್ಪಿರುವರು. ಎಂಬತ್ತು ದಾಟಿದ ಅಜ್ಜ ಅಜ್ಜಿಯರು ಇಂದು ಇದ್ದಾರೆ, ನಾಳೆ ಇರಲಾರರು. ಅವರ ನೆನಪು ಅವರೊಡನೆ ಹೋದರೆ ಒಂದು ಕುಟುಂಬದ ಹಕ್ಕೂ ಅದರೊಡನೆ ಹೋದೀತು. ಕೂಲಿಗೆ ಬಂದ ಪರಭಾಷೆಯವನಿಗೂ ಆ ಜಗಲಿಯಲ್ಲಿ ಜಾಗವಿರಲಿ. ನಮ್ಮ ನಾಡಿಗಾಗಿ ದುಡಿದವನು ನಮ್ಮ ಕಚೇರಿಯ ಮೆಟ್ಟಲಲ್ಲಿ ಮೂಗನಾಗಿ ನಿಲ್ಲಬಾರದು.

ಮೂರನೆಯದು ನಮ್ಮ ವಕೀಲ ಬಂಧುಗಳಿಗೆ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಪರಿಶಿಷ್ಟರಿಗೂ ಸ್ತ್ರೀಯರಿಗೂ ಕಾರ್ಖಾನೆಯ ಕೆಲಸಗಾರರಿಗೂ ಬಡವರಿಗೂ ಉಚಿತ ನೆರವು ದೊರೆಯಬೇಕು. ತಾಲೂಕಿನಲ್ಲಿಯೇ ಅದಕ್ಕೆ ಸಮಿತಿಯುಂಟು. ಆ ಸಮಿತಿಯ ಪಟ್ಟಿಯಲ್ಲಿ ಹೆಸರು ಬರೆಯಿಸುವುದು ಕಿರಿಯ ವಕೀಲನ ಬಿ‌ಡುವಿನ ಕಸುಬಾಗಿ ಉಳಿಯದೆ ಹಿರಿಯರ ಗೌರವವಾಗಲಿ. ಒಮ್ಮೆ ನ್ಯಾಯ ಮಂಡಳಿಯ ಬಾಗಿಲಿನಿಂದ ನಮ್ಮನ್ನು ಹೊರಗಿಟ್ಟ ಕಾಯಿದೆಗೆ ನಾವು ಕೊಡಬಹುದಾದ ತಕ್ಕ ಉತ್ತರ ಇದೊಂದೇ.

ಬ್ರಹ್ಮಾವರ, ಬೈಂದೂರುಗಳು ಪ್ರತ್ಯೇಕ ತಾಲೂಕುಗಳಾಗಿವೆ. ಕಚೇರಿಯು ಬಡವನ ಮನೆಗೆ ಹತ್ತಿರವಾಗಿದೆ. ದಾರಿಯು ಕಡಮೆಯಾಯಿತೆಂದು ಸಂತೋಷಪಡೋಣ. ಆದರೆ ಹತ್ತಿರದ ಕಚೇರಿಗೆ ಹೋಗುವವನ ಕೈಯಲ್ಲಿ ಸರಿಯಾಗಿ ಬರೆದ ಅರ್ಜಿಯಿರಬೇಕು, ಜತೆಗೆ ಅಂಜದೆ ನಿಲ್ಲುವ ಒಬ್ಬ ನೆರೆಯವನಿರಬೇಕು. ಮುಂದಿನ ಶನಿವಾರ ಸಂಜೆ ಈ ಶಾಲೆಯ ಜಗಲಿಯಲ್ಲಿಯೇ ಕೆಲಸವನ್ನು ಆರಂಭಿಸೋಣವೆಂದು ನಾನು ಸೂಚಿಸುವೆನು. ಬರಬಲ್ಲವರು ಸಭೆ ಮುಗಿದೊಡನೆ ಅಧ್ಯಕ್ಷರ ಬಳಿಯಲ್ಲಿರುವ ಪುಸ್ತಕದಲ್ಲಿ ತಮ್ಮ ಹೆಸರುಗಳನ್ನು ಬರೆಯಬೇಕೆಂದು ಪ್ರಾರ್ಥಿಸುವೆನು.